ಜಪಾನಿನ ಕಂಚಿನ ಹೂದಾನಿ: ಬುದ್ಧಪೀಠದಿಂದ ಕಲಾಶಾಲೆಯವರೆಗೆ

ಜಪಾನಿನಲ್ಲಿ ಕಂಚಿನ ಹೂದಾನಿ ಮೊದಲು ಬೇಕಾದದ್ದು ಪೂಜೆಗೆ. ಬೌದ್ಧ ದೇವಾಲಯಗಳಲ್ಲಿ ಮೂರ್ತಿಯ ಮುಂದಿನ ಪೀಠದ ಮೇಲೆ ಧೂಪದಾನಿ, ದೀಪದ ಕಂಬ, ಹೂದಾನಿ ಈ ಮೂರನ್ನೂ ಒಂದೇ ಜೋಡಣೆಯಾಗಿ ಇಡುತ್ತಾರೆ. ನಡುವೆ ಧೂಪ, ಒಂದು ಮಗ್ಗುಲಿಗೆ ದೀಪ, ಇನ್ನೊಂದು ಮಗ್ಗುಲಿಗೆ ಹೂವು. ಇದನ್ನು ‘ಮಿತ್ಸುಗುಸೊಕು’ ಎನ್ನುತ್ತಾರೆ. ಹೂವು, ಧೂಪ, ದೀಪಗಳನ್ನು ಅರ್ಪಿಸುವ ರೂಢಿ ಭಾರತದಲ್ಲಿ ಹುಟ್ಟಿ ಬೌದ್ಧಧರ್ಮದ ಜೊತೆಗೆ ಚೀನಾ, ಕೊರಿಯಾಗಳನ್ನು ದಾಟಿ ಆ ದ್ವೀಪಗಳನ್ನು ಮುಟ್ಟಿತು. ಇಂದು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಕಲಾವಿದನ ಹೆಸರು ಹೊತ್ತು ನಿಂತಿರುವ ಹೂದಾನಿಗಳಿಗೆಲ್ಲ ಪೂರ್ವಜರು ಈ ಹೆಸರಿಲ್ಲದ ಪೂಜಾಪಾತ್ರೆಗಳೇ. ಹೂದಾನಿಯ ತಳದಲ್ಲಿ ಮಾಡಿದವನ ಸಹಿ ಕಾಣಿಸಿಕೊಂಡದ್ದು ಬಹಳ ತಡವಾಗಿ. ಅಚ್ಚು, ಲೋಹದ ಮಿಶ್ರಣ, ಮೇಲ್ಮೈಯ ಬಣ್ಣ ಈ ಮೂರರ ಜ್ಞಾನ ಅದಕ್ಕಿಂತ ಎಷ್ಟೋ ಹಳೆಯದು.

ಕಂಚು ಜಪಾನಿಗೆ ಏಷ್ಯಾದ ಮುಖ್ಯನೆಲದಿಂದ ಬಂದ ಲೋಹ. ಯಾಯೊಯಿ ಎಂಬ ಪ್ರಾಚೀನ ಕಾಲದಲ್ಲೇ ಅಲ್ಲಿ ಕಂಚಿನ ಕನ್ನಡಿಗಳೂ ‘ದೋತಾಕು’ ಎಂಬ ಗಂಟೆಗಳೂ ಇದ್ದವು. 708ರಲ್ಲಿ ಮುಸಾಶಿ ಪ್ರಾಂತದಲ್ಲಿ ತಾಮ್ರ ಸಿಕ್ಕಿದ್ದು ಎಷ್ಟು ದೊಡ್ಡ ಸುದ್ದಿಯಾಯಿತೆಂದರೆ, ಆಸ್ಥಾನ ಶಕೆಯ ಹೆಸರನ್ನೇ ಬದಲಿಸಿ ತಾಮ್ರದ ನೆನಪಿನ ‘ವಾದೋ’ ಎಂಬ ಹೊಸ ಹೆಸರಿಟ್ಟಿತು. ಅದೇ ಶತಮಾನದಲ್ಲಿ ನಾರಾ ಪಟ್ಟಣದ ತೋದಾಯ್‌ಜಿ ದೇವಾಲಯಕ್ಕೆ ಸುಮಾರು 15 ಮೀಟರ್ ಎತ್ತರದ ಬುದ್ಧನನ್ನು ಕಂಚಿನಲ್ಲಿ ಎರೆದರು. 752ರಲ್ಲಿ ಆ ಮೂರ್ತಿಯ ಕಣ್ಣು ತೆರೆಸುವ ವಿಧಿಯನ್ನು ನಡೆಸಿಕೊಟ್ಟವನು ಭಾರತದಿಂದ ಹೋಗಿದ್ದ ಭಿಕ್ಷು ಬೋಧಿಸೇನ. ಅಷ್ಟು ದೊಡ್ಡ ಮೂರ್ತಿಯನ್ನು ಎರೆದ ನಾಡಿಗೆ ಹೂದಾನಿ ಎರೆಯುವುದು ಸುಲಭವೆಂದು ತೋರಬಹುದು. ಆದರೆ ಮೂರ್ತಿಯನ್ನು ದೂರದಿಂದ ನೋಡುತ್ತಾರೆ, ಹೂದಾನಿಯನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ. ತೆಳುವಾದ ಗೋಡೆ, ಕಿರಿದಾದ ಕತ್ತು, ನೀರು ಸೋರದ ತಳ ಎಲ್ಲವೂ ಒಟ್ಟಿಗೆ ಕೂಡಿಬರಬೇಕಾದ ಕೆಲಸ ಅದು.

ಪೂಜೆಯ ಪೀಠದಿಂದ ಹೂದಾನಿ ಮನೆಯೊಳಕ್ಕೆ ಬಂದದ್ದು ನಾಡನ್ನು ಆಳುತ್ತಿದ್ದ ಸೇನಾಧಿಪತಿಗಳಾದ ಆಶಿಕಾಗಾ ಶೋಗುನ್‌ಗಳ ಕಾಲದಲ್ಲಿ. 14 ಮತ್ತು 15ನೆಯ ಶತಮಾನಗಳಲ್ಲಿ ಚೀನಾದಿಂದ ಬಂದ ಚಿತ್ರಪಟ, ಪಿಂಗಾಣಿ, ಕಂಚಿನ ಪಾತ್ರೆಗಳನ್ನು ಕ್ಯೋತೊದ ಸಿರಿವಂತರು ಆಸೆಯಿಂದ ಕೂಡಿಹಾಕಿದರು. ಅತಿಥಿಯನ್ನು ಬರಮಾಡಿಕೊಳ್ಳುವ ಕೋಣೆಯಲ್ಲಿ ಅವನ್ನು ಯಾವ ಕ್ರಮದಲ್ಲಿ ಇಡಬೇಕೆಂದು ಶೋಗುನ್‌ನ ಕಲಾಪರಿಚಾರಕರಾದ ನೋಆಮಿ, ಸೋಆಮಿ ನಿಯಮಗಳನ್ನೇ ಬರೆದಿಟ್ಟರು. ಹೂ ಜೋಡಿಸುವುದು ಒಂದು ವಿದ್ಯೆಯಾಗಿ ಬೆಳೆದದ್ದೂ ಆಗಲೇ. ಕ್ಯೋತೊದ ರೊಕ್ಕಾಕುದೋ ದೇವಾಲಯದ ಅರ್ಚಕ ಇಕೆನೊಬೊ ಸೆಂಕೆಯ ಹೂವಿನ ಜೋಡಣೆಯನ್ನು ನೋಡಲು ಜನ ನಾಮುಂದು ತಾಮುಂದು ಎಂದು ಬಂದ ಸಂಗತಿ 1462ರ ಒಂದು ದಿನಚರಿಯಲ್ಲಿ ದಾಖಲಾಗಿದೆ. ಎತ್ತರಕ್ಕೆ ನಿಲ್ಲುವ ಕೊಂಬೆ, ಹೂಗಳ ‘ರಿಕ್ಕಾ’ ಜೋಡಣೆಗೆ ಭಾರ ತಾಳುವ, ವಾಲದ ಪಾತ್ರೆ ಬೇಕಿತ್ತು. ಅದಕ್ಕೆ ಕಂಚಿಗಿಂತ ಒಳ್ಳೆಯದು ಇರಲಿಲ್ಲ.

ಮುಂದೆ ಚಹಾ ಕೋಣೆಯ ಗುರುಗಳು ಬಡತನದ ಚೆಲುವನ್ನು ಮೆಚ್ಚಿ ಬೇರೆ ದಾರಿ ಹಿಡಿದರು. ಸೆನ್ ನೊ ರಿಕ್ಯು ಬಿದಿರನ್ನು ಕಡಿದು ಹೂದಾನಿ ಮಾಡಿಕೊಂಡ. ಹಾಗೆಂದು ಕಂಚಿನ ಸ್ಥಾನ ಇಳಿಯಲಿಲ್ಲ. ಮೂರು ಅಂತಸ್ತುಗಳ ಒಂದು ಲೆಕ್ಕ ಗಟ್ಟಿಯಾಯಿತು. ವಿಧಿವತ್ತಾದ ಸಂದರ್ಭಕ್ಕೆ ಕಂಚು, ನಡುವಣದಕ್ಕೆ ಮೆರುಗಿನ ಮಣ್ಣಿನ ಪಾತ್ರೆ, ಸಲಿಗೆಯ ಕೂಟಕ್ಕೆ ಬಿದಿರು ಮತ್ತು ಬುಟ್ಟಿ. ಎದೊ ಕಾಲದಲ್ಲಿ ಹೂ ಜೋಡಣೆ ಪಟ್ಟಣದ ವರ್ತಕರ ಮನೆಗಳಿಗೂ ಹರಡಿದಾಗ ಕಂಚುಗಾರರಿಗೆ ಹೊಸ ಗಿರಾಕಿಗಳು ಸಿಕ್ಕರು. ತಟ್ಟೆಯಂತೆ ಅಗಲವಾಗಿ ಚಾಚಿದ ತೆಳು ಅಂಚಿನ ‘ಉಸುಬಾತಾ’ ಎಂಬ ಹೂದಾನಿ ಆಗ ಮನೆಮನೆಯ ವಸ್ತುವಾಯಿತು. ಕೊಕ್ಕರೆಯ ಕತ್ತಿನಂತೆ ಉದ್ದನೆಯದು, ಬಟ್ಟೆ ಬಡಿಯುವ ಕೊಡತಿಯ ಆಕಾರದ್ದು, ಎರಡು ಬದಿಗೆ ಕಿವಿಯಿರುವುದು, ಸರಪಳಿಯಲ್ಲಿ ತೂಗಿಬಿಡುವ ದೋಣಿಯಾಕಾರದ್ದು ಎಂದು ರೂಪಗಳು ಹೆಚ್ಚಿದವು. ಬಹುಪಾಲಿಗೆ ಮೂಲ ಮಾದರಿ ಚೀನಾದ್ದೇ. ಪ್ರಾಚೀನ ಚೀನಾದ ಯಜ್ಞಪಾತ್ರೆಗಳ ಆಕಾರ ಶತಮಾನಗಳ ನಂತರ ಜಪಾನಿನ ವರ್ತಕನ ಮನೆಯ ಗೋಡೆಗೂಡಿನಲ್ಲಿ ಸೇವಂತಿಗೆ ಹಿಡಿದು ನಿಂತಿತ್ತು.

ಇಷ್ಟೆಲ್ಲ ಕಂಚಿಗೆ ತಾಮ್ರ ಎಲ್ಲಿಂದ ಬಂತು ಎಂಬುದೂ ಈ ಕಥೆಯ ಭಾಗ. 17ನೆಯ ಶತಮಾನದಲ್ಲಿ ಜಪಾನು ಜಗತ್ತಿನಲ್ಲೇ ಹೆಚ್ಚು ತಾಮ್ರ ತೆಗೆಯುವ ನಾಡುಗಳಲ್ಲೊಂದು. ಆಶಿಯೊ ಗಣಿ ಆ ಶತಮಾನದ ಆರಂಭದಲ್ಲಿ ಕೆಲಸಕ್ಕೆ ಬಂತು. ಬೆಸ್ಶಿ ಗಣಿ 1691ರಲ್ಲಿ ತೆರೆಯಿತು. ನಾಗಾಸಾಕಿ ಬಂದರಿನಿಂದ ಡಚ್ಚರೂ ಚೀನೀಯರೂ ತಾಮ್ರದ ಗಟ್ಟಿಗಳನ್ನು ಹಡಗು ತುಂಬಿ ಒಯ್ದರು. ಡಚ್ ಕಂಪನಿ ಅದರ ದೊಡ್ಡ ಪಾಲನ್ನು ಭಾರತದ ಕೋರಮಂಡಲ ತೀರ, ಬಂಗಾಳ, ಸೂರತ್‌ಗಳಲ್ಲಿ ಮಾರಿತು. ಅದು ಇಲ್ಲಿನ ನಾಣ್ಯಗಳಿಗೂ ಪಾತ್ರೆಗಳಿಗೂ ಸೇರಿಹೋಯಿತು. ಲೋಹ ನಾಡಿನಿಂದ ಬರಿದಾಗುತ್ತಿದೆ ಎಂಬ ಆತಂಕದಿಂದ ಶೋಗುನ್ ಸರ್ಕಾರ 1715ರಲ್ಲಿ ಈ ಸಾಗಣೆಗೆ ಮಿತಿ ಹಾಕಿತು.

ಹೂದಾನಿಯ ಚರಿತ್ರೆಯನ್ನು ಒಂದೇ ಊರಿನಲ್ಲಿ ನಿಂತು ನೋಡಬೇಕೆಂದರೆ ತಕವೊಕಕ್ಕೆ ಹೋಗಬೇಕು. ಜಪಾನ್ ಸಮುದ್ರದ ಕಡೆಯ ಇಂದಿನ ತೊಯಾಮಾ ಪ್ರಾಂತದಲ್ಲಿರುವ ಈ ಪಟ್ಟಣವನ್ನು 1609ರಲ್ಲಿ ಕಾಗಾ ಸಂಸ್ಥಾನದ ಮಾಎದಾ ತೊಶಿನಾಗ ಕೋಟೆ ಕಟ್ಟಿ ಸ್ಥಾಪಿಸಿದ. ಊರಿಗೆ ಜೀವ ತುಂಬಲು 1611ರಲ್ಲಿ ಹತ್ತಿರದ ನಿಶಿಬು ಕನಾಯಾ ಗ್ರಾಮದಿಂದ ಏಳು ಮಂದಿ ಎರಕದವರನ್ನು ಕರೆಸಿ, ಜಾಗ ಕೊಟ್ಟು, ಸವಲತ್ತು ಕೊಟ್ಟು ನೆಲೆಗೊಳಿಸಿದ. ಕುಲುಮೆಯ ಬೆಂಕಿಯ ಭಯದಿಂದ ಅವರ ಕೇರಿಯನ್ನು ಸೆಂಬೊ ನದಿಯ ಆಚೆ ದಡದಲ್ಲಿಟ್ಟರು. ಆ ಕೇರಿಯೇ ಕನಾಯಾಮಾಚಿ. ಅಲ್ಲಿನ ಮನೆಗಳ ರಚನೆಯಲ್ಲೂ ಈ ಎಚ್ಚರವಿದೆ: ಬೀದಿಗೆ ಮರದ ಜಾಲರಿಯ ವಾಸದ ಮನೆ, ಹಿತ್ತಿಲಲ್ಲಿ ಕುಲುಮೆ, ನಡುವೆ ಬೆಂಕಿ ಹರಡದಂತೆ ದಪ್ಪ ಮಣ್ಣುಗೋಡೆಯ ಉಗ್ರಾಣ.

ತೊಶಿನಾಗ 1614ರಲ್ಲಿ ತೀರಿಕೊಂಡ. ಒಂದು ಸೀಮೆಗೆ ಒಂದೇ ಕೋಟೆ ಎಂಬ ಶೋಗುನ್ ಆಜ್ಞೆಯಿಂದ ಮರುವರ್ಷ ಕೋಟೆಯೂ ಹೋಯಿತು. ದೊರೆಯೂ ಕೋಟೆಯೂ ಇಲ್ಲದ ಕೋಟೆಪಟ್ಟಣ ಪಾಳುಬೀಳುವುದು ಸಹಜವಾಗಿತ್ತು. ಅವನ ಉತ್ತರಾಧಿಕಾರಿ ತೊಶಿತ್ಸುನೆ ಅದನ್ನು ವರ್ತಕರ, ಕಸುಬುದಾರರ ಊರಾಗಿ ತಿರುಗಿಸಿ ಉಳಿಸಿದ. ಮೊದಲ ನೂರಕ್ಕೂ ಹೆಚ್ಚು ವರ್ಷ ಅಲ್ಲಿ ಎರೆದದ್ದು ಮುಖ್ಯವಾಗಿ ಕಬ್ಬಿಣ: ಅಡುಗೆಯ ಕಡಾಯಿ, ನೇಗಿಲ ಗುಳ, ಉಪ್ಪು ಕಾಯಿಸುವ ಹರಿವಾಣ. ಉತ್ತರದ ಹೊಕ್ಕಾಯ್ದೊದಲ್ಲಿ ಹೆರಿಂಗ್ ಮೀನು ಬೇಯಿಸುವ ದೊಡ್ಡ ಹಂಡೆಗಳು ಇಲ್ಲಿಂದ ಹಡಗೇರಿ ಹೋಗುತ್ತಿದ್ದವು. 18ನೆಯ ಶತಮಾನದಲ್ಲಿ ಕಂಚಿನ ಕೆಲಸ ಬೇರೂರಿತು. ಮನೆಯ ಬುದ್ಧಪೀಠಕ್ಕೆ ಬೇಕಾದ ಸಾಮಾನು, ಧೂಪದಾನಿ, ಹೂದಾನಿಗಳು ಇಲ್ಲಿಂದ ನಾಡಿಗೆಲ್ಲ ಹೋದವು. ತಿದಿ ತುಳಿಯುವಾಗ ಹಾಡುತ್ತಿದ್ದ ‘ಯಾಗಾಎಫು’ ಎಂಬ ದುಡಿಮೆಯ ಹಾಡನ್ನು ತೊಶಿನಾಗನ ಪುಣ್ಯತಿಥಿಯ ಜೂನ್ ತಿಂಗಳ ಉತ್ಸವದಲ್ಲಿ ಕನಾಯಾಮಾಚಿಯವರು ಇಂದಿಗೂ ಬೀದಿಯಲ್ಲಿ ಕುಣಿಯುತ್ತ ಹಾಡುತ್ತಾರೆ. ಊರು ಕಟ್ಟಿಕೊಟ್ಟವನನ್ನು ನಾಲ್ಕು ಶತಮಾನ ನೆನೆಯುತ್ತ ಬಂದ ಕಸುಬಿನ ಕೇರಿ ಎಲ್ಲೆಡೆ ಸಿಗುವುದಿಲ್ಲ.

ಕಂಚಿನ ಹೂದಾನಿ ಎರೆಯಲು ಹಲವು ವಿಧಾನಗಳಿವೆ. ಅವುಗಳಲ್ಲಿ ಹೆಚ್ಚು ಸೂಕ್ಷ್ಮವಾದದ್ದು ಮೇಣದ ಎರಕ. ಮೊದಲು ಮಣ್ಣಿನಿಂದ ತಿರುಳು ಕಟ್ಟುತ್ತಾರೆ. ಹೂದಾನಿಯ ಒಳಗಿನ ಟೊಳ್ಳು ಹೇಗಿರಬೇಕೋ ತಿರುಳು ಹಾಗೆ. ಅದರ ಮೇಲೆ ಜೇನುಮೇಣಕ್ಕೆ ಪೈನ್ ಮರದ ರಾಳ ಬೆರೆಸಿ ಕಾಯಿಸಿದ ಪದರವನ್ನು ಹೊದಿಸುತ್ತಾರೆ. ಬೇಸಿಗೆಯಲ್ಲಿ ಮೇಣ ಸಡಿಲವಾಗುತ್ತದೆ, ಚಳಿಗಾಲದಲ್ಲಿ ಬಿರುಸಾಗುತ್ತದೆ; ಆದ್ದರಿಂದ ರಾಳದ ಪ್ರಮಾಣ ಋತು ನೋಡಿ ಬದಲಾಗುತ್ತದೆ. ಈ ಪದರದಲ್ಲೇ ಡ್ರ್ಯಾಗನ್‌ನ ಹುರುಪೆ, ಅಲೆಯ ನೊರೆ, ಎಲೆಯ ನರ ಎಲ್ಲವನ್ನೂ ಬೆರಳು ಮತ್ತು ಬಿದಿರಿನ ಕಡ್ಡಿಯಿಂದ ತಿದ್ದುತ್ತಾರೆ. ಬಳಿಕ ನುಣ್ಣನೆಯ ಮಣ್ಣಿನ ಕೆಸರನ್ನು ಕುಂಚದಲ್ಲಿ ಹಚ್ಚಿ ಒಣಗಿಸಿ, ಮತ್ತೆ ಹಚ್ಚಿ, ಕೊನೆಗೆ ದೊರಗು ಮಣ್ಣಿನಿಂದ ಮುಚ್ಚುತ್ತಾರೆ. ಸುಟ್ಟಾಗ ಮೇಣ ಕರಗಿ ಹರಿದುಹೋಗಿ ಅದರ ಜಾಗ ಬರಿದಾಗುತ್ತದೆ. ಆ ತೆಳು ಸಂದಿಯಲ್ಲಿ ಕಂಚು ಇಳಿಯಬೇಕು. ತಿರುಳು ಅಲುಗದಂತೆ ಲೋಹದ ಮೊಳೆಗಳು ಅದನ್ನು ಹಿಡಿದಿರುತ್ತವೆ. ಅದು ಕೂದಲೆಳೆಯಷ್ಟು ಜರುಗಿದರೂ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ಅಚ್ಚನ್ನು ಒಡೆದೇ ಪಾತ್ರೆಯನ್ನು ಹೊರತೆಗೆಯಬೇಕಾದ್ದರಿಂದ ಒಂದು ಮೇಣಕ್ಕೆ ಒಂದೇ ಹೂದಾನಿ.

ಎದೊ (ಇಂದಿನ ಟೋಕಿಯೊ) ಪಟ್ಟಣದ ಮುರಾತಾ ಸೆಯಿಮಿನ್ ಈ ವಿಧಾನದಲ್ಲಿ ಹೆಸರು ಮಾಡಿದವನು. 1761ರಿಂದ 1837ರವರೆಗೆ ಬದುಕಿದ ಅವನ ಕಂಚಿನ ಆಮೆಗಳು, ಹೂದಾನಿಗಳು ಎಷ್ಟು ಮೆಚ್ಚುಗೆ ಪಡೆದವೆಂದರೆ ಅವನ ಸಹಿಯನ್ನು ನಂತರದವರು ಧಾರಾಳವಾಗಿ ನಕಲು ಮಾಡಿದರು. ಕಂಚುಗಾರನ ಹೆಸರಿಗೂ ಬೆಲೆಯಿದೆ ಎಂಬುದು ಅಂಗಡಿಬೀದಿಗೆ ಗೊತ್ತಾದ ಕಾಲ ಅದು.

ಒಂದೇ ಮಾದರಿಯ ಹಲವು ಪಾತ್ರೆ ಬೇಕಾದಾಗ ತುಂಡುತುಂಡಾಗಿ ಬಿಚ್ಚಬಲ್ಲ ಅಚ್ಚನ್ನು ಬಳಸುತ್ತಾರೆ. ದುಂಡನೆಯ ಸಾದಾ ಪಾತ್ರೆಗೆ ಇನ್ನೊಂದು ಉಪಾಯವಿದೆ: ಹೂದಾನಿಯ ಅರ್ಧ ಹೊರರೇಖೆಯನ್ನು ಕತ್ತರಿಸಿದ ಹಲಗೆಯನ್ನು ಹಸಿ ಮಣ್ಣಿನೊಳಗೆ ಸುತ್ತ ತಿರುಗಿಸಿದರೆ ಅಚ್ಚು ತಾನೇ ಮೂಡುತ್ತದೆ. ಎರಕವಾದ ಮೇಲೆ ಒಳಗಿನ ಮಣ್ಣನ್ನು ಕಿರಿದಾದ ಬಾಯಿಂದ ಕೆದಕಿ ತೆಗೆಯುವುದು ಬೇಸರದ ಕೆಲಸ. ಆದ್ದರಿಂದ ಎಷ್ಟೋ ಹೂದಾನಿಗಳಿಗೆ ತಳವನ್ನು ತೆರೆದಿಟ್ಟು, ಆಮೇಲೆ ಬೇರೆ ಬಿಲ್ಲೆಯನ್ನು ಕೂರಿಸುತ್ತಾರೆ.

ಮಿಶ್ರಣದ ವಿಷಯದಲ್ಲಿ ಜಪಾನಿನ ಕಂಚುಗಾರರ ತಿಳಿವಳಿಕೆ ಬೇರೆಯೇ ಮಟ್ಟದ್ದು. ಹೂದಾನಿಯ ಕಂಚಿಗೆ ತಾಮ್ರ, ತವರಗಳ ಜೊತೆ ಸಾಕಷ್ಟು ಸೀಸವನ್ನೂ ಸೇರಿಸುತ್ತಿದ್ದರು. ಸೀಸ ಬೆರೆತರೆ ಕರಗಿದ ಲೋಹ ಸಲೀಸಾಗಿ ಹರಿದು ಮೇಣದ ಸೂಕ್ಷ್ಮ ಗೆರೆಗಳಲ್ಲೂ ಇಳಿಯುತ್ತದೆ, ಬಣ್ಣವೂ ಆಳವಾಗಿ ಬರುತ್ತದೆ. ತಾಮ್ರಕ್ಕೆ ಶೇಕಡಾ ಕೆಲವೇ ಪಾಲು ಚಿನ್ನ ಸೇರಿಸಿದರೆ ‘ಶಾಕುದೋ’. ಹೊಸದಾಗಿ ಉಜ್ಜಿದಾಗ ಅದು ತಾಮ್ರದಂತೆಯೇ ಕಾಣುತ್ತದೆ. ಬಣ್ಣಕ್ಕೆ ಹಾಕಿದ ಮೇಲೆ ನೇರಳೆ ಛಾಯೆಯ ಕಡುಗಪ್ಪಾಗುತ್ತದೆ. ನಾಲ್ಕನೆಯ ಒಂದು ಪಾಲಿನಷ್ಟು ಬೆಳ್ಳಿ ಸೇರಿಸಿದರೆ ‘ಶಿಬುಇಚಿ’, ಮಂಜು ಕವಿದ ಬೆಳದಿಂಗಳಿನ ಬೂದು.

ಈ ಬಣ್ಣಗಳು ಮೇಲೆ ಬಳಿದವಲ್ಲ, ಲೋಹದ ಮೈಯಿಂದಲೇ ಹುಟ್ಟಿದವು. ಪಾತ್ರೆಯನ್ನು ಇದ್ದಿಲಿನಿಂದ ಉಜ್ಜಿ, ತುರಿದ ಮೂಲಂಗಿಯ ರಸ ಸವರಿ, ತಾಮ್ರದ ಕಿಲುಬು ಮತ್ತು ಮೈಲುತುತ್ತ ಕರಗಿಸಿದ ನೀರಿನಲ್ಲಿ ಕುದಿಸುತ್ತಾರೆ. ಒಂದೇ ಹಂಡೆಯಲ್ಲಿ ಒಂದೇ ಹೊತ್ತು ಕುದಿದರೂ ತಾಮ್ರ ಕೆಂಪಾಗುತ್ತದೆ, ಶಾಕುದೋ ಕಪ್ಪಾಗುತ್ತದೆ, ಶಿಬುಇಚಿ ಬೂದಾಗುತ್ತದೆ, ಚಿನ್ನ ಚಿನ್ನವಾಗಿಯೇ ಉಳಿಯುತ್ತದೆ. ಬೀದರ್ ಕೋಟೆಯ ಮಣ್ಣು, ನವಸಾಗರಗಳ ಮಿಶ್ರಣ ತಾಗಿದಾಗ ಬಿದ್ರಿ ಪಾತ್ರೆಯ ಸತುವಿನ ಮೈ ಮಾತ್ರ ಕಪ್ಪಾಗಿ, ಅದರಲ್ಲಿ ಕೂರಿಸಿದ ಬೆಳ್ಳಿ ಹೊಳೆಯುತ್ತಲೇ ಇರುವುದನ್ನು ಬಲ್ಲವರಿಗೆ ಈ ರಸಾಯನದ ತರ್ಕ ಕೂಡಲೇ ತಿಳಿಯುತ್ತದೆ. ತಕವೊಕದ ಬಣ್ಣಗಾರರಲ್ಲಿ ಇನ್ನೂ ಬೇರೆ ಉಪಾಯಗಳಿವೆ. ಅಕ್ಕಿಯ ತೌಡಿನ ಲೇಪ ಹಚ್ಚಿ ಸುಟ್ಟು ಕೆಂಪು, ಕಂದುಗಳ ಮಚ್ಚೆ ಬರಿಸುತ್ತಾರೆ. ಹಿಂದೆ ಮದುವೆಯಾದ ಹೆಂಗಸರು ಹಲ್ಲು ಕಪ್ಪಾಗಿಸಲು ಬಳಸುತ್ತಿದ್ದ ಕಬ್ಬಿಣದ ರಸವನ್ನು ಕಾದ ಕಂಚಿನ ಮೇಲೆ ಹುಲ್ಲಿನ ಕುಂಚದಿಂದ ಬಡಿದು ಕಂದು ಬಣ್ಣ ತರಿಸುತ್ತಾರೆ; ಉರುಶಿ ಮರದ ಅಂಟುರಸವನ್ನು ಸುಟ್ಟು ಹಿಡಿಸುತ್ತಾರೆ. ಜಪಾನಿನ ಹೂದಾನಿಯನ್ನು ಬೇರೆ ನಾಡುಗಳ ಕಂಚಿನಿಂದ ಪ್ರತ್ಯೇಕಿಸುವ ಗುಣವೊಂದನ್ನು ಆರಿಸಬೇಕಾದರೆ ಈ ಬಣ್ಣಗಾರಿಕೆಯನ್ನೇ ಆರಿಸಬೇಕು. ಆಕಾರವನ್ನು ಚೀನಾದಿಂದ ಕಡ ತಂದದ್ದು ನಿಜ. ಈ ಮೈಬಣ್ಣಗಳನ್ನು ಇಷ್ಟು ದೂರ ಕೊಂಡೊಯ್ದದ್ದು ಜಪಾನೀಯರೇ.

ಈ ಮಿಶ್ರಲೋಹಗಳ ಜ್ಞಾನವನ್ನು ಹೆಚ್ಚು ಬೆಳೆಸಿದವರು ಖಡ್ಗದ ಅಲಂಕಾರ ಮಾಡುತ್ತಿದ್ದ ಕುಶಲಿಗಳು. ಹಿಡಿಯ ಮುಂದಿನ ಬಿಲ್ಲೆ, ಒರೆಯ ಆಭರಣ, ಹಿಡಿಯಡಿಯ ಪುಟ್ಟ ಶಿಲ್ಪ ಇವೇ ಅವರ ಜೀವನ. 1868ರಲ್ಲಿ ಶೋಗುನ್ ಆಡಳಿತ ಮುಗಿದು ಮೇಯಿಜಿ ಚಕ್ರವರ್ತಿಯ ಸರ್ಕಾರ ಬಂತು. 1876ರ ಮಾರ್ಚ್‌ನಲ್ಲಿ ಸೈನಿಕರು, ಪೊಲೀಸರು, ಕೆಲವು ಅಧಿಕಾರಿಗಳನ್ನು ಬಿಟ್ಟು ಉಳಿದವರು ಖಡ್ಗ ಧರಿಸಬಾರದೆಂದು ಆಜ್ಞೆಯಾಯಿತು. ತಲೆಮಾರುಗಳ ಕಸುಬು ಕೆಲವೇ ವರ್ಷಗಳಲ್ಲಿ ನೆಲ ಕಳೆದುಕೊಂಡಿತು. ಆ ಕಾಲದ ಶ್ರೇಷ್ಠ ಕೆತ್ತನೆಗಾರ ಕಾನೊ ನತ್ಸುವೊ ಹೊಸ ಸರ್ಕಾರದ ನಾಣ್ಯಗಳಿಗೆ ವಿನ್ಯಾಸ ಮಾಡಿಕೊಟ್ಟು, ಮುಂದೆ ಟೋಕಿಯೊ ಕಲಾಶಾಲೆಯ ಅಧ್ಯಾಪಕನಾದ. ಉಳಿದ ಅನೇಕರ ಉಳಿ, ಸುತ್ತಿಗೆಗಳು ಹೂದಾನಿ, ಧೂಪದಾನಿ, ಪೆಟ್ಟಿಗೆಗಳ ಕಡೆ ತಿರುಗಿದವು. ಅಂಗೈಯಗಲದ ಬಿಲ್ಲೆಯಲ್ಲಿ ಮಾಡುತ್ತಿದ್ದ ಚಿನ್ನ ಬೆಳ್ಳಿಯ ಕೂರಿಕೆಯನ್ನು ಈಗ ಹೂದಾನಿಯ ಉಬ್ಬಿದ ಮೈಮೇಲೆ ಹರಡತೊಡಗಿದರು.

ಕೊಳ್ಳುವವರು ಬಂದದ್ದು ಸಮುದ್ರದಾಚೆಯಿಂದ. 1873ರ ವಿಯೆನ್ನಾ ವಿಶ್ವಪ್ರದರ್ಶನದಲ್ಲಿ ಜಪಾನ್ ಸರ್ಕಾರ ಮೊದಲ ಬಾರಿಗೆ ಅಧಿಕೃತವಾಗಿ ಭಾಗವಹಿಸಿತು. ಕೈಕೆಲಸದ ವಸ್ತುಗಳಿಗೆ ಅಲ್ಲಿ ಸಿಕ್ಕ ಬೇಡಿಕೆ ಕಂಡು 1874ರಲ್ಲಿ ‘ಕಿರ್ಯು ಕೋಶೋ ಕಾಯ್ಶಾ’ ಎಂಬ ತಯಾರಿಕೆ ಮತ್ತು ರಫ್ತಿನ ಕಂಪನಿ ಹುಟ್ಟಿತು. ನ್ಯೂಯಾರ್ಕ್, ಪ್ಯಾರಿಸ್‌ಗಳಲ್ಲಿ ಅದರ ಅಂಗಡಿಗಳು ತೆರೆದವು. ಅದರ ಎರಕದ ವಿಭಾಗದ ಮುಖ್ಯಸ್ಥ ಸುಜುಕಿ ಚೋಕಿಚಿ. 1878ರ ಪ್ಯಾರಿಸ್ ಪ್ರದರ್ಶನದಲ್ಲಿದ್ದ ಅವನ ನವಿಲುಗಳ ಬೃಹತ್ ಕಂಚಿನ ಧೂಪದಾನಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ತಕವೊಕದಿಂದ ಯೊಕೊಯಾಮಾ ಯಾಜಾಎಮೊನ್, ಕನಾಮೊರಿ ಸೋಶಿಚಿ ಮೊದಲಾದವರು ಇಂಥ ಪ್ರದರ್ಶನಗಳಿಗೆ ಆಳೆತ್ತರದ ಹೂದಾನಿಗಳನ್ನೂ ಕಳಿಸಿದರು. ವಿದೇಶೀಯರಿಗೆ ಹಿಡಿಸುವ ವಿನ್ಯಾಸಗಳನ್ನು ಸರ್ಕಾರವೇ ಬರೆಸಿ ಕಸುಬುದಾರರಿಗೆ ಹಂಚುತ್ತಿತ್ತು. ತಳದಲ್ಲಿ ‘ಮಹಾ ಜಪಾನ್’ ಎಂಬ ಬರಹ, ಅದರ ಕೆಳಗೆ ಕಾರ್ಖಾನೆಯ ಅಥವಾ ಕಲಾವಿದನ ಹೆಸರು. ಪೂಜಾಪಾತ್ರೆಗೆ ಬೇಕಿರದಿದ್ದ ಸಹಿ ಈಗ ಮಾರಾಟದ ಅಗತ್ಯವಾಯಿತು.

ಈ ಕಾಲದ ಹೂದಾನಿಗಳ ಮೈಯಲ್ಲಿ ಬೆರಳಿಡಲು ಜಾಗವಿಲ್ಲ. ಹಿಡಿಗಳಾಗಿ ಡ್ರ್ಯಾಗನ್‌ಗಳು, ಕಾಲುಗಳಾಗಿ ರಕ್ಕಸರು, ಹೊಟ್ಟೆಯ ಮೇಲೆ ಯುದ್ಧದ ದೃಶ್ಯ, ಅಂಚಿನಲ್ಲಿ ಹಕ್ಕಿ. ಅವುಗಳಲ್ಲಿ ಹೂವಿಟ್ಟರೆ ಹೂವೇ ಕಾಣದು. ಅತಿಯಾದ ಅಲಂಕಾರವೆಂದು ನಂತರದ ವಿಮರ್ಶಕರು ಇವನ್ನು ತಳ್ಳಿಹಾಕಿದ್ದಾರೆ. ಜಪಾನಿನಲ್ಲೇ ಬಹುಕಾಲ ಇವಕ್ಕೆ ಗೌರವವಿರಲಿಲ್ಲ. ಈ ತೀರ್ಪು ಪೂರ್ತಿ ನ್ಯಾಯವಾದದ್ದಲ್ಲ. ಖಡ್ಗದ ಕೆಲಸ ಕಳೆದುಕೊಂಡವರು, ದೇವಾಲಯಗಳ ಆಶ್ರಯ ತಪ್ಪಿದ ಎರಕದವರು ತಮಗೆ ಗೊತ್ತಿದ್ದ ಎಲ್ಲವನ್ನೂ ಒಂದು ಪಾತ್ರೆಯ ಮೇಲೆ ತೋರಿಸಿ ಅನ್ನ ಸಂಪಾದಿಸಬೇಕಿತ್ತು. ಆ ದುಂದಿನಲ್ಲೂ ಮೇಣದ ಕೆಲಸದ ನಯ ಎಲ್ಲೂ ತಪ್ಪಿಲ್ಲ. ರಫ್ತಿನ ಈ ಮೂವತ್ತು ವರ್ಷಗಳು ಇಲ್ಲದಿದ್ದರೆ ಬಣ್ಣ ಮತ್ತು ಎರಕದ ಎಷ್ಟೋ ಗುಟ್ಟುಗಳು ಒಂದೇ ತಲೆಮಾರಿನಲ್ಲಿ ಮುಗಿದುಹೋಗುತ್ತಿದ್ದವು.

ಕಿರ್ಯು ಕೋಶೋ ಕಂಪನಿ 1891ರಲ್ಲಿ ಮುಚ್ಚಿತು. 1893ರ ಶಿಕಾಗೊ ಪ್ರದರ್ಶನಕ್ಕೆ ಸುಜುಕಿ ಚೋಕಿಚಿ ಹನ್ನೆರಡು ಗಿಡುಗಗಳನ್ನು ಎರೆದು ಕಳಿಸಿದ; ಒಂದೊಂದರ ಗರಿಗೂ ಬೇರೆ ಮಿಶ್ರಲೋಹಗಳ ಬಣ್ಣ. 1900ರ ಪ್ಯಾರಿಸ್ ಪ್ರದರ್ಶನದ ಹೊತ್ತಿಗೆ ಯುರೋಪಿನ ರುಚಿ ಬದಲಾಗಿತ್ತು. ಜಪಾನಿನ ವಿನ್ಯಾಸಗಳು ಹಳತಾಗಿವೆ ಎಂಬ ಮಾತು ಕೇಳಿಬಂತು. ಅಷ್ಟರಲ್ಲಿ ಶಾಲೆಗಳು ಶುರುವಾಗಿದ್ದವು. ವಿಯೆನ್ನಾ ಪ್ರದರ್ಶನಕ್ಕೆ ಹೋಗಿಬಂದಿದ್ದ ನೋತೊಮಿ ಕಾಯ್‌ಜಿರೊ 1887ರಲ್ಲಿ ಕನಾಜವಾದಲ್ಲೂ 1894ರಲ್ಲಿ ತಕವೊಕದಲ್ಲೂ ಕರಕುಶಲ ಶಾಲೆಗಳನ್ನು ಕಟ್ಟಿದ. ಟೋಕಿಯೊ ಕಲಾಶಾಲೆಯಲ್ಲಿ ಓಕಾಜಾಕಿ ಸೆಸ್ಸೆಯಿ ಎರಕ ಕಲಿಸಿದ. ತಂದೆಯಿಂದ ಮಗನಿಗೆ ಇಳಿಯುತ್ತಿದ್ದ ವಿದ್ಯೆ ತರಗತಿಗೂ ಬಂತು, ಅದರ ಜೊತೆಗೆ ಹೊಸ ಬಗೆಯ ಮನುಷ್ಯ ಹುಟ್ಟಿದ: ತಾನೇ ರೂಪ ಕಲ್ಪಿಸಿ, ತನ್ನ ಹೆಸರಿನಲ್ಲಿ ಪ್ರದರ್ಶಿಸುವ ಲೋಹಕಲಾವಿದ.

ಅಂಥವರಲ್ಲಿ ಮೊದಲ ಸಾಲಿನವನು 1874ರಲ್ಲಿ ಹುಟ್ಟಿದ ಕಾತೊರಿ ಹೊತ್ಸುಮಾ. ಅವನು ಎರಕದ ಕಲಾವಿದ ಮಾತ್ರವಲ್ಲ, ಲೋಹಕಲೆಯ ಇತಿಹಾಸಕಾರ, ತಾಂಕಾ ಕವಿಯೂ ಹೌದು. ಟೋಕಿಯೊದ ತಬಾತಾದಲ್ಲಿ ಕಥೆಗಾರ ಅಕುತಾಗಾವಾ ರ್ಯೂನೊಸುಕೆಯ ನೆರೆಮನೆಯವನು. ರಫ್ತಿನ ಗದ್ದಲದ ಅಲಂಕಾರವನ್ನು ಬಿಟ್ಟು ಪ್ರಾಚೀನ ಚೀನಾ, ಜಪಾನುಗಳ ಪಾತ್ರೆಗಳ ಗಂಭೀರ ಆಕಾರಕ್ಕೆ ಹಿಂದಿರುಗಿದ. 1953ರಲ್ಲಿ ಅವನಿಗೆ ರಾಷ್ಟ್ರದ ಸಂಸ್ಕೃತಿ ಪದಕ ದೊರೆಯಿತು. ಕುಂಬಾರಿಕೆಯ ಕಲಾವಿದ ಇತಾಯಾ ಹಾಜನ್‌ಗೂ ಅದೇ ವರ್ಷ ಅದು ಸಂದಿತು; ಕರಕುಶಲ ಕಲೆಗೆ ಆ ಪದಕ ದೊರೆತದ್ದು ಅದೇ ಮೊದಲು.

ಅವನ ನಂತರದವರು ಇನ್ನೂ ಮುಂದೆ ಹೋದರು. ತ್ಸುದಾ ಶಿನೊಬು 1925ರ ಪ್ಯಾರಿಸ್ ಪ್ರದರ್ಶನವನ್ನು ಕಂಡು ಬಂದು ಅಲ್ಲಿನ ಹೊಸ ರೇಖೆಗಳನ್ನು ತರುಣರಿಗೆ ಪರಿಚಯಿಸಿದ. 1926ರಲ್ಲಿ ತಕಾಮುರಾ ತೊಯೊಚಿಕಾ ಗೆಳೆಯರೊಡನೆ ‘ಮುಕೆಯ್’ ಎಂಬ ಗುಂಪು ಕಟ್ಟಿದ. ಶಿಲ್ಪಿ ತಕಾಮುರಾ ಕೋಉನ್‌ನ ಮಗ, ಕವಿ ಕೋತಾರೊನ ತಮ್ಮ ಈತ. ಅದೇ ವರ್ಷ ಎರೆದ ‘ಹೂ ಜೋಡಣೆಗಾಗಿ ಒಂದು ರಚನೆ’ ಎಂಬ ಕಂಚಿನ ಹೂದಾನಿ ನೇರ ಗೆರೆ, ಕೋನಗಳಿಂದ ಆದದ್ದು, ಕಟ್ಟಡವೊಂದರ ನಕ್ಷೆಯಂತಿದೆ. ಸರ್ಕಾರದ ವಾರ್ಷಿಕ ಕಲಾಪ್ರದರ್ಶನದಲ್ಲಿ ಚಿತ್ರ, ಶಿಲ್ಪಗಳ ಪಕ್ಕದಲ್ಲಿ ಕರಕುಶಲಕ್ಕೂ ವಿಭಾಗ ತೆರೆದದ್ದು 1927ರಲ್ಲಿ. ಹೂದಾನಿ ಆಗ ಚಿತ್ರಪಟದಷ್ಟೇ ಗೌರವದಿಂದ ನೋಡುವ ವಸ್ತುವಾಯಿತು.

ಯುದ್ಧ ಈ ಬೆಳವಣಿಗೆಯನ್ನು ತಡೆಯಿತು. ತಾಮ್ರ ಮದ್ದುಗುಂಡಿಗೆ ಮೀಸಲಾಯಿತು. 1940ರ ಜುಲೈ 7ರ ನಿಯಮ ಭೋಗವಸ್ತುಗಳ ತಯಾರಿಕೆ, ಮಾರಾಟವನ್ನು ನಿಷೇಧಿಸಿತು. 1941ರ ಲೋಹ ಸಂಗ್ರಹದ ಆಜ್ಞೆಯಡಿ ದೇವಾಲಯದ ಗಂಟೆಗಳು, ಊರ ಮುಂದಿನ ಪ್ರತಿಮೆಗಳು, ಮನೆಯ ಅಗ್ಗಿಷ್ಟಿಕೆಗಳು, ಬುದ್ಧಪೀಠದ ಸಾಮಾನುಗಳು ಕುಲುಮೆಗೆ ಹೋದವು. ಎಷ್ಟು ಹಳೆಯ ಹೂದಾನಿಗಳು ಹೀಗೆ ಕರಗಿದವೆಂಬುದಕ್ಕೆ ಲೆಕ್ಕ ಇಟ್ಟವರಿಲ್ಲ. ಪೂಜೆಗೆಂದು ತಲೆಮಾ‌ರುಗಳ ಹಿಂದೆ ಎರೆದ ಕಂಚನ್ನು ಮನೆಯವರೇ ಹೊತ್ತು ತಂದು ಒಪ್ಪಿಸಬೇಕಾಯಿತು. ಈ ಚರಿತ್ರೆಯ ಅತ್ಯಂತ ನೋವಿನ ಭಾಗ ಇದು.

1950ರಲ್ಲಿ ಸಾಂಸ್ಕೃತಿಕ ಆಸ್ತಿಗಳ ರಕ್ಷಣೆಯ ಕಾನೂನು ಬಂತು. 1955ರಿಂದ, ಒಂದು ವಿದ್ಯೆಯನ್ನು ಕೈಯಲ್ಲಿ ಉಳಿಸಿಕೊಂಡ ವ್ಯಕ್ತಿಗಳನ್ನೇ ಗುರುತಿಸಿ ಮನ್ನಣೆ ನೀಡತೊಡಗಿದರು. ಜನ ಅವರನ್ನು ‘ಜೀವಂತ ರಾಷ್ಟ್ರನಿಧಿ’ ಎನ್ನುತ್ತಾರೆ. ಮೊದಲ ವರ್ಷವೇ ಕನಾಜವಾದ ಉಓಜುಮಿ ಇರಾಕು ಜಾಗಟೆಯ ಎರಕಕ್ಕಾಗಿ ಈ ಪಟ್ಟಿ ಸೇರಿದ. ಸಾದೊ ದ್ವೀಪದ ಸಾಸಾಕಿ ಶೋದೊ 1960ರಲ್ಲಿ ಮೇಣದ ಎರಕಕ್ಕೆ, ತಕಾಮುರಾ ತೊಯೊಚಿಕಾ 1964ರಲ್ಲಿ ಆಯ್ಕೆಯಾದರು. 1993ರಲ್ಲಿ ಮನ್ನಣೆ ಪಡೆದ ಸಾಯ್ತೊ ಅಕಿರಾ ಎರಡು ಬೇರೆ ಲೋಹಗಳನ್ನು ಒಂದೇ ಅಚ್ಚಿಗೆ ಎರೆದು, ಅವು ಬೆರೆಯುವ ಗಡಿಯನ್ನೇ ಹೂದಾನಿಯ ಚಿತ್ರವಾಗಿಸಿದ. ತಕವೊಕದ ಓಸಾವಾ ಕೋಮಿನ್ 2005ರಲ್ಲಿ ಈ ಗೌರವಕ್ಕೆ ಪಾತ್ರರಾದರು. ಹೆಚ್ಚಿನ ಶಾಖದಲ್ಲಿ ಕರಗುವ ಲೋಹದ ತುಂಡು, ತಂತಿಗಳನ್ನು ಅಚ್ಚಿನಲ್ಲಿ ಮೊದಲೇ ಕೂರಿಸಿ, ಮೇಲಿಂದ ಬೇರೆ ಲೋಹ ಎರೆದು ಎರಡನ್ನೂ ಒಂದಾಗಿಸುವುದು ಅವರ ‘ಇಗುರುಮಿ’ ವಿಧಾನ. ಕನಾಜವಾದ ನಾಕಾಗಾವಾ ಮಾಮೊರು ಪಡೆದದ್ದು 2004ರಲ್ಲಿ, ಲೋಹದಲ್ಲಿ ಲೋಹ ಕೂರಿಸುವ ಕೆಲಸಕ್ಕಾಗಿ. ಕಾಗಾ ಸಂಸ್ಥಾನದ ಸವಾರರ ರಿಕಾಪುಗಳ ಮೇಲೆ ಬೆಳೆದ ಕೂರಿಕೆಯ ವಿದ್ಯೆ ಅವರ ಹೂದಾನಿಗಳ ಮೇಲೆ ಪದರ ಪದರವಾಗಿ ಕಾಣಿಸುತ್ತದೆ.

ಕಲಾವಿದ ಸಹಿ ಮಾಡಿದ ಹೂದಾನಿ ಬರುವುದು ‘ಕಿರಿ’ ಎಂಬ ಮರದ ಹಗುರವಾದ ಪೆಟ್ಟಿಗೆಯಲ್ಲಿ. ಮುಚ್ಚಳದ ಮೇಲೆ ಕೃತಿಯ ಹೆಸರನ್ನೂ ತನ್ನ ಹೆಸರನ್ನೂ ಅವನೇ ಕುಂಚದಲ್ಲಿ ಬರೆದು ಮುದ್ರೆ ಒತ್ತುತ್ತಾನೆ. ಪೆಟ್ಟಿಗೆ ಕಳೆದುಹೋದರೆ ಹೂದಾನಿಯ ಬೆಲೆಯೂ ಇಳಿಯುತ್ತದೆ. ಆದರೆ ತಕವೊಕದ ಅಂಗಡಿಗಳಿಗೆ ಬರುವ ಹೂದಾನಿಗಳ ರೀತಿ ಬೇರೆ. ಮೂಲ ಮಾದರಿ ಕೆತ್ತುವವನು ಒಬ್ಬ, ಎರೆಯುವವನು ಇನ್ನೊಬ್ಬ, ಉಜ್ಜಿ ನಯಗೊಳಿಸುವವನು ಮತ್ತೊಬ್ಬ, ಕೆತ್ತನೆ, ಕೂರಿಕೆ ಒಂದು ಮನೆಯದು, ಬಣ್ಣ ಹಾಕುವುದು ಬೇರೆ ಮನೆಯದು. ಪಾತ್ರೆ ಊರೊಳಗೆ ಕಾರ್ಖಾನೆಯಿಂದ ಕಾರ್ಖಾನೆಗೆ ಸುತ್ತುತ್ತದೆ. ಸಗಟು ವ್ಯಾಪಾರಿ ಇವರೆಲ್ಲರನ್ನೂ ಜೋಡಿಸುತ್ತಾನೆ. ಹೆಸರಾಂತ ಕಲಾವಿದರ ಕೆಲಸದ ಹಿಂದೆಯೂ ಇಂಥ ಕೈಗಳು ಇರುತ್ತವೆ. ತಳದಲ್ಲಿ ಒಂದೇ ಹೆಸರಿದ್ದರೂ ಹೂದಾನಿಯ ಗುಣವನ್ನು ಅಳೆಯುವಾಗ ಬಣ್ಣಗಾರನ ಪಾಲನ್ನು ಮರೆಯುವುದು ತಪ್ಪು.

ಯುದ್ಧದ ನಂತರ ತಕವೊಕ ಮತ್ತೆ ಎದ್ದು ನಿಂತಿತು. ಜಪಾನಿನ ತಾಮ್ರ, ಕಂಚಿನ ಕರಕುಶಲ ವಸ್ತುಗಳ ಬಹುಪಾಲು ಈ ಒಂದೇ ಪಟ್ಟಣದ್ದು. 1975ರಲ್ಲಿ ಸರ್ಕಾರ ಅದರ ತಾಮ್ರದ ಕೆಲಸವನ್ನು ಸಾಂಪ್ರದಾಯಿಕ ಕರಕುಶಲವೆಂದು ಗುರುತಿಸಿತು. ಉಡುಗೊರೆಗೆ ಹೂದಾನಿ ಕೊಡುವ ರೂಢಿಯಿದ್ದಷ್ಟು ಕಾಲ ವ್ಯಾಪಾರ ಬೆಳೆಯಿತು. 1990ರ ದಶಕದಿಂದ ಕುಸಿಯಿತು. ಹೊಸ ಫ್ಲ್ಯಾಟುಗಳಲ್ಲಿ ಹೂದಾನಿ ಇಡುವ ಗೋಡೆಗೂಡೂ ಇಲ್ಲ, ದೊಡ್ಡ ಬುದ್ಧಪೀಠವೂ ಇಲ್ಲ. 1916ರಲ್ಲಿ ಆರಂಭವಾದ ನೋಸಾಕು ಎಂಬ ಎರಕದ ಮನೆ ಪೂಜಾಸಾಮಾನು, ಹೂದಾನಿಗಳಿಂದ ಶುದ್ಧ ತವರದ ಬಟ್ಟಲು, ತಟ್ಟೆಗಳ ಕಡೆಗೂ ಹೊರಳಿ ಹೊಸ ಗಿರಾಕಿಗಳನ್ನು ಪಡೆಯಿತು. ಕೆಲವು ಬಣ್ಣಗಾರರು ಎರಕದ ಪಾತ್ರೆಗೆ ಬಳಸುತ್ತಿದ್ದ ವಿಧಾನಗಳನ್ನು ತೆಳು ತಾಮ್ರದ ಹಾಳೆಗೆ ಒಗ್ಗಿಸಿ, ಕಟ್ಟಡಗಳ ಗೋಡೆಗಳಿಗೆ ಹೊದಿಸಲು ಕೊಡುತ್ತಿದ್ದಾರೆ. 2012ರಲ್ಲಿ ಕನಾಯಾಮಾಚಿಯ ಮನೆಗಳ ಸಾಲು ರಾಷ್ಟ್ರೀಯ ಸಂರಕ್ಷಿತ ಪ್ರದೇಶಗಳ ಪಟ್ಟಿಗೆ ಸೇರಿತು. ಸುಜುಕಿ ಚೋಕಿಚಿಯ ಹನ್ನೆರಡು ಗಿಡುಗಗಳು 2020ರಲ್ಲಿ ಟೋಕಿಯೊದಿಂದ ಕನಾಜವಾಕ್ಕೆ ಸ್ಥಳಾಂತರಗೊಂಡ ರಾಷ್ಟ್ರೀಯ ಕರಕುಶಲ ಸಂಗ್ರಹಾಲಯದ ಸಂಗ್ರಹದಲ್ಲಿವೆ. ತಕವೊಕದಿಂದ ಅಲ್ಲಿಗೆ ದೂರ ಹೆಚ್ಚಿಲ್ಲ.